ಉಪಕರಣ ಕಿತ್ತುಕೊಂಡರೆ ನನ್ನಲ್ಲಿ ಉಳಿಯುವುದೆಷ್ಟು?

ಅರ್ಧಕೋಡು

ಕಳೆದ ವಾರ ಆಫೀಸಿನಲ್ಲಿ ಇಡೀ ದಿನ ನೆಟ್ ಇರಲಿಲ್ಲ. ನಾನು ಬರೆಯಬೇಕಿದ್ದದ್ದು ತೀರಾ ಸಣ್ಣ ಫಂಕ್ಷನ್, ಅಂದರೆ ಪ್ರೋಗ್ರಾಮಿನ ಒಂದು ತುಣುಕು. ಎರಡು ತಾರೀಖು ಕೊಟ್ಟರೆ ನಡುವೆ ಎಷ್ಟು ಕೆಲಸದ ದಿನ ಬರುತ್ತವೆ ಎಂದು ಹೇಳಬೇಕು, ಅಷ್ಟೇ. ಸಿಬ್ಬಂದಿಯ ರಜೆ ಲೆಕ್ಕಕ್ಕೆ ಬೇಕಿತ್ತು. ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲ ಸಾಲು ಟೈಪ್ ಮಾಡಿ ಕೂತೆ. ಒಂದು ನಿಮಿಷ ಆದಮೇಲೆ ಹೊಳೆಯಿತು, ನಾನು ಯೋಚನೆಯನ್ನೇ ಮಾಡುತ್ತಿರಲಿಲ್ಲ. ಸುಮ್ನೆ ಕಾಯುತ್ತಿದ್ದೆ. ಎಐ ಸೂಚಿಸುವ ಮುಂದಿನ ಸಾಲು ಬೂದು ಬಣ್ಣದಲ್ಲಿ ತಾನಾಗಿ ಮೂಡುತ್ತದೆ, ಟ್ಯಾಬ್ ಒತ್ತಿದರೆ ಆಯಿತು ಎಂದು ಕೈಗೆ ಅಭ್ಯಾಸ ಆಗಿಬಿಟ್ಟಿದೆ. ನೆಟ್ ಇಲ್ಲ, ಬೂದು ಸಾಲೂ ಇಲ್ಲ.

ಹೇಗೋ ಬರೆದೆ. ಮುಕ್ಕಾಲು ಗಂಟೆ ಹಿಡಿಯಿತು. ಮೊದಲಾಗಿದ್ದರೆ ಹತ್ತು ನಿಮಿಷದ ಕೆಲಸ.

ನಾಚಿಕೆಗಿಂತ ಹೆದರಿಕೆ ಜಾಸ್ತಿ ಆಯಿತು. ಉಳಿದ ದಿನಗಳಲ್ಲಿ ನನ್ನ ಕೈಯಿಂದ ಮೊದಲಿಗಿಂತ ಹೆಚ್ಚು ಕೆಲಸ ಆಗುತ್ತಿದೆ, ಮೇಲಿನವರು ಖುಷಿಯಾಗಿದ್ದಾರೆ. ಹಾಗಾದರೆ ಈ ಎಐ ನನ್ನ ಬುದ್ಧಿಗೆ ಬಲ ಕೊಡುತ್ತಿದೆಯಾ, ಇಲ್ಲ ಬುದ್ಧಿಯ ಜಾಗದಲ್ಲಿ ತಾನೇ ಬಂದು ಕೂತಿದೆಯಾ? ಇವೆರಡನ್ನು ಬೇರೆ ಮಾಡಿ ನೋಡುವುದು ಹೇಗೆ? "ಎಲ್ಲ ಬಿಟ್ಟುಬಿಡಿ", "ಕಾಲಕ್ಕೆ ತಕ್ಕ ಹಾಗೆ ಬದಲಾಗಿ" ಎನ್ನುವ ಉತ್ತರ ಬೇಡ. ಅವೆರಡನ್ನೂ ನಾನೇ ನನಗೆ ಹೇಳಿಕೊಂಡು ಆಗಿದೆ.

ಸುಮ್ನೆ_ಬಂದೆ

ಕುಣಿಯಲಾರದವರಿಗೆ ನೆಲ ಡೊಂಕು ಅಂತಾರೆ. ನಿಮಗೆ ನೆಟ್ ಡೊಂಕು.

ತಮಾಷೆ ಬಿಡಿ. ಕ್ಯಾಲ್ಕುಲೇಟರ್ ಬಂದಾಗಲೂ ಇದೇ ಮಾತು ಹೇಳಿದ್ದರು. ಮಗ್ಗಿ ಮರೆತು ಸತ್ತವರು ಯಾರೂ ಇಲ್ಲ.

ಹಳೇ_ಕೀಲಿಮಣೆ

ಅರ್ಧಕೋಡು, ನೀವು ಕೇಳಿದ ಪ್ರಶ್ನೆಗೆ ಅರವತ್ತು ವರ್ಷ ದಾಟಿದೆ. ಡಗ್ಲಾಸ್ ಎಂಗೆಲ್‌ಬಾರ್ಟ್ ಹೆಸರು ಕೇಳಿರುತ್ತೀರಿ, ಮೌಸ್ ಕಂಡುಹಿಡಿದವರು. ಪಾಪ, ಅವರು ಮಾಡಿದ್ದರಲ್ಲಿ ಜನಕ್ಕೆ ನೆನಪಿರುವುದು ಅದೊಂದೇ. 1962ರಲ್ಲಿ ಅವರು ಮನುಷ್ಯನ ಬುದ್ಧಿಶಕ್ತಿಯನ್ನು ಹೆಚ್ಚಿಸುವುದು ಹೇಗೆ ಎಂದು ಒಂದು ದೊಡ್ಡ ವರದಿ ಬರೆದರು. ಅದರಲ್ಲೊಂದು ಪ್ರಯೋಗ ಬರುತ್ತದೆ, ನನಗೆ ಬಹಳ ಇಷ್ಟ. ಪೆನ್ಸಿಲಿಗೆ ಒಂದು ಇಟ್ಟಿಗೆ ಕಟ್ಟಿ, ಇದರಲ್ಲಿ ಬರೆಯಿರಿ ಎಂದು ಕೊಟ್ಟರು. ಬರೆಯುವುದು ನಿಧಾನವಾಯಿತು, ಅಕ್ಷರ ಸೊಟ್ಟಗಾಯಿತು. ಅದು ಯಾರಿಗಾದರೂ ಗೊತ್ತಾಗುವ ವಿಷಯ. ಅವರು ಕೇಳಿದ್ದು ಅದರ ಮುಂದಿನದು. ಲೋಕದಲ್ಲಿ ಇರುವ ಪೆನ್ಸಿಲೆಲ್ಲ ಹೀಗೇ ಭಾರವಾಗಿದ್ದಿದ್ದರೆ ನಾವು ಏನನ್ನು ಬರೆದಿಡುತ್ತಿದ್ದೆವು? ಕರಡು ತಿದ್ದುವ ಅಭ್ಯಾಸ ಹುಟ್ಟುತ್ತಿತ್ತೇ? ಕೈಯಲ್ಲಿರುವ ಸಾಧನ ಬದಲಾದರೆ ಯೋಚನೆ ಮಾಡುವ ರೀತಿಯೇ ಬದಲಾಗುತ್ತದೆ ಎನ್ನುವುದು ಅವರ ವಾದ.

ಆದರೆ ಯಂತ್ರ ಒಂದರಿಂದಲೇ ಇದು ಆಗುತ್ತದೆ ಎಂದು ಅವರು ಎಲ್ಲೂ ಹೇಳಲಿಲ್ಲ. ಮನುಷ್ಯ, ಅವನ ಭಾಷೆ, ಅವನ ಸಾಧನ, ಅವನು ಕೆಲಸ ಮಾಡುವ ಕ್ರಮ, ಅವನಿಗೆ ಸಿಕ್ಕ ತರಬೇತಿ, ಈ ಐದೂ ಸೇರಿ ಒಂದು ವ್ಯವಸ್ಥೆ ಎಂದರು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೊಂಬತ್ತು ನಿಮಿಷ ಕೂತು ಎಲ್ಲವನ್ನೂ ಮಾಡಿ ತೋರಿಸಿದರು. ಮೌಸ್, ಒಂದು ಪದ ಒತ್ತಿದರೆ ಇನ್ನೊಂದು ಕಡೆಗೆ ಹೋಗುವ ಕೊಂಡಿ, ಬೇರೆ ಜಾಗದಲ್ಲಿ ಕೂತವರ ಜೊತೆ ಒಂದೇ ಪರದೆಯಲ್ಲಿ ಕೆಲಸ. ಆಗ ಅವರ ಬಲಗೈಯಲ್ಲಿ ಮೌಸ್ ಇತ್ತು, ಎಡಗೈ ಕೆಳಗೆ ಐದೇ ಕೀಲಿಗಳ ಒಂದು ಪುಟ್ಟ ಹಲಗೆ. ಒಂದೊಂದು ಅಕ್ಷರಕ್ಕೆ ಬೇರೆ ಬೇರೆ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ಕಲಿಯುವುದು ಸುಲಭವಲ್ಲ, ಕಲಿತವರಿಗೆ ಮೌಸ್ ಬಿಡದೆ ಬರೆಯುವ ಅನುಕೂಲ. ಲೋಕ ಮೌಸ್ ಇಟ್ಟುಕೊಂಡಿತು, ಆ ಹಲಗೆ ಬಿಟ್ಟಿತು. ಎಲ್ಲರಿಗೂ ಮೊದಲ ದಿನವೇ ಬರುವಂಥದ್ದು ಬೇಕು. ಹಾಗಿದ್ದರೆ ಎಲ್ಲರೂ ಮೂರು ಗಾಲಿಯ ಸೈಕಲ್ಲೇ ಓಡಿಸುತ್ತಿದ್ದೆವು ಎನ್ನುವ ಅರ್ಥದ ಹೋಲಿಕೆ ಅವರು ಕೊಡುತ್ತಿದ್ದರು.

ನಿಮ್ಮ ಬೂದು ಸಾಲಿನಲ್ಲಿ ಕಲಿಯುವುದಕ್ಕೆ ಏನಿದೆ? ಟ್ಯಾಬ್ ಎಲ್ಲಿದೆ ಎಂದು ತಿಳಿದರೆ ಮುಗಿಯಿತು.

ಅರ್ಧಕೋಡು

ಮುಗಿಯಿತು ಅನ್ನೋದು ಸ್ವಲ್ಪ ಜಾಸ್ತಿ ಆಯಿತು ಸರ್. ಸರಿಯಾಗಿ ಕೇಳುವುದು, ಬಂದದ್ದನ್ನು ಓದಿ ತಪ್ಪು ಹಿಡಿಯುವುದು, ಅದಕ್ಕೂ ಕೈ ಪಳಗಬೇಕು. ಆದರೂ ಮಾತು ಚುಚ್ಚಿತು.

ಗಣಿತದ_ಮೇಷ್ಟ್ರು

ಸುಮ್ನೆ_ಬಂದೆ ಅವರ ಕ್ಯಾಲ್ಕುಲೇಟರ್ ಮಾತು ನನಗೆ ದಿನಾ ಕೇಳಿಸುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕ್ಯಾಲ್ಕುಲೇಟರಿಗೆ ನೀವು 347 ಗುಣಿಸು 28 ಎಂದು ಹೇಳಬೇಕು. ಇಲ್ಲಿ ಗುಣಿಸಬೇಕು, ಭಾಗಿಸಬಾರದು ಎಂದು ತೀರ್ಮಾನ ಮಾಡಿದ್ದು ನೀವು. ಅದು ಕೂಲಿ ಕೆಲಸ ಮಾಡಿತು. ಚಾಟ್‌ಬಾಟಿಗೆ ಇಡೀ ಲೆಕ್ಕವನ್ನು ಅಂಟಿಸುತ್ತಾರೆ. ಯಾವಾಗ ಗುಣಿಸಬೇಕು ಎನ್ನುವ ತೀರ್ಮಾನವೂ ಅದರದ್ದೇ. ಗಣಿತ ಕಲಿಸುವುದು ಅಂದರೆ ಆ ತೀರ್ಮಾನ ಮಾಡುವುದನ್ನು ಕಲಿಸುವುದು ಅಲ್ವಾ?

ಟರ್ಕಿಯ ಒಂದು ಹೈಸ್ಕೂಲಿನಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಒಂದು ಗುಂಪಿಗೆ ಜಿಪಿಟಿ-4 ಎಂಬ ಎಐ ಮಾದರಿಯನ್ನು ಹಾಗೆಯೇ ಕೊಟ್ಟರು. ಅಭ್ಯಾಸದ ಲೆಕ್ಕಗಳಲ್ಲಿ ಅವರ ಅಂಕ ಶೇ. 48ರಷ್ಟು ಏರಿತು. ಆಮೇಲೆ ಅದನ್ನು ತೆಗೆದು ಪರೀಕ್ಷೆ ಕೊಟ್ಟರೆ, ಮೊದಲಿಂದ ಎಐ ಇಲ್ಲದೆ ಓದಿದ ಮಕ್ಕಳಿಗಿಂತ ಶೇ. 17ರಷ್ಟು ಕಮ್ಮಿ ಬಂತು. ಇನ್ನೊಂದು ಗುಂಪಿಗೆ ಕೊಟ್ಟದ್ದು ಅದೇ ಮಾದರಿ, ಆದರೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಹಾಗೆ ಕಟ್ಟಿಹಾಕಿದ್ದು. ಅವರ ಅಭ್ಯಾಸದ ಅಂಕ ಶೇ. 127ರಷ್ಟು ಏರಿತು, ಪರೀಕ್ಷೆಯಲ್ಲಿ ಆ ನಷ್ಟವೂ ಹೆಚ್ಚುಕಮ್ಮಿ ಕಾಣಲಿಲ್ಲ.

ಪರೀಕ್ಷೆಯಲ್ಲಿ ಲಾಭವೂ ಆಗಲಿಲ್ಲ ಎನ್ನುವುದನ್ನು ಗಮನಿಸಿ. ಇಷ್ಟೆಲ್ಲ ಮಾಡಿ ಸಮಕ್ಕೆ ಬಂದು ನಿಂತೆವು. ನನ್ನ ಸಹೋದ್ಯೋಗಿಗಳಿಗೆ ಇದನ್ನು ಹೇಳಿದರೆ 127 ಮಾತ್ರ ಕಿವಿಗೆ ಬೀಳುತ್ತದೆ.

ಸುಮ್ನೆ_ಬಂದೆ

ಸರಿ ಮೇಷ್ಟ್ರೇ, ಕ್ಯಾಲ್ಕುಲೇಟರ್ ವಾಪಸ್ ತಗೊಂಡೆ.

ಆದರೆ ಕೆಲಸ ಅಂದರೆ ಶಾಲೆಯಲ್ಲ. ನನಗೆ ಸಂಬಳ ಕೊಡುವವರು ನಾನು ಏನು ಕಲಿತೆ ಎಂದು ಕೇಳಲ್ಲ.

ಚೆಸ್_ಹುಚ್ಚ

ಇಲ್ಲಿ ಚೆಸ್ ಕಥೆ ಹೇಳದೆ ಹೇಗಿರಲಿ! 1997ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಡೀಪ್ ಬ್ಲೂ ಎಂಬ ಕಂಪ್ಯೂಟರಿಗೆ ಸೋತರು. ಮರುವರ್ಷವೇ ಸ್ಪೇನಿನ ಲಿಯೋನ್‌ನಲ್ಲಿ ಇಬ್ಬರು ಆಟಗಾರರೂ ಪಕ್ಕದಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಆಡುವ ಪಂದ್ಯ ಆಡಿದರು, ಟೋಪಲೋವ್ ಎದುರಾಳಿ. 3-3 ಸಮ. ಮಜಾ ಬಂದದ್ದು 2005ರಲ್ಲಿ. ಯಾರು ಬೇಕಾದರೂ, ಯಾವ ಯಂತ್ರದ ಜೊತೆ ಬೇಕಾದರೂ ಆಡಬಹುದಾದ ಆನ್‌ಲೈನ್ ಪಂದ್ಯಾವಳಿ. ಗ್ರ್ಯಾಂಡ್‌ಮಾಸ್ಟರುಗಳು ಇದ್ದರು, ಬಲವಾದ ಯಂತ್ರಗಳಿದ್ದವು. ಗೆದ್ದವರು ಇಬ್ಬರು ಹವ್ಯಾಸಿಗಳು, ಮೂರು ಕಂಪ್ಯೂಟರ್ ಇಟ್ಟುಕೊಂಡು! ಯಾವ ಯಂತ್ರವನ್ನು ಯಾವ ಸ್ಥಿತಿಯಲ್ಲಿ ಕೇಳಬೇಕು, ಯಾವಾಗ ಅದರ ಮಾತು ನಂಬಬೇಕು ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕ್ರಮ ಗೆದ್ದಿತು. ಹಳೇ_ಕೀಲಿಮಣೆ ಸರ್ ಹೇಳಿದ್ದೂ ಇದನ್ನೇ.

ಲೆಕ್ಕಿಗ

ಈ ಕಥೆಯನ್ನು ಎಲ್ಲರೂ 2005ಕ್ಕೇ ನಿಲ್ಲಿಸಿಬಿಡುತ್ತಾರೆ. ಮುಂದೆ ಏನಾಯಿತು ಹೇಳಿ? ಇವತ್ತಿನ ಎಂಜಿನ್ (ಚೆಸ್ ಆಡುವ ಪ್ರೋಗ್ರಾಮ್) ಪಕ್ಕದಲ್ಲಿ ಕೂತ ಮನುಷ್ಯ ಅದರ ನಡೆಯನ್ನು ತಿದ್ದಲು ಹೋದರೆ ಹೆಚ್ಚಿನ ಸಲ ಹಾಳು ಮಾಡುತ್ತಾನೆ. ಮನುಷ್ಯ ಮತ್ತು ಯಂತ್ರ ಸೇರಿದರೆ ಯಾವಾಗಲೂ ಯಂತ್ರಕ್ಕಿಂತ ಮೇಲು ಎನ್ನುವುದು ನಮಗೆ ಹಿತವಾದ ಮಾತು, ಅಷ್ಟೇ.

ಚೆಸ್_ಹುಚ್ಚ

ಒಪ್ಪಿದೆ. ವೇಗದ ಆಟದಲ್ಲಂತೂ ನಾನು ಸ್ಟಾಕ್‌ಫಿಶ್ ಎಂಜಿನ್ ಪಕ್ಕ ಕೂತರೆ ಅದಕ್ಕೆ ನಾನೇ ಇಟ್ಟಿಗೆ. ಆದರೂ ಜನ ಚೆಸ್ ಬಿಟ್ಟಿಲ್ಲ ನೋಡಿ. ಆಟ ಮುಗಿದ ಮೇಲೆ ಎಂಜಿನ್ ಹಾಕಿ ಎಲ್ಲಿ ಎಡವಿದೆ ಎಂದು ನೋಡುತ್ತೇವೆ. ಆಡುವಾಗ ಮುಟ್ಟುವುದಿಲ್ಲ.

ಬೆರಳೋದು

ನಾನು ಹುಟ್ಟಿನಿಂದ ಕುರುಡ. ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕಿಕೊಂಡು ಈ ಚರ್ಚೆ ಕೇಳುತ್ತಿದ್ದೇನೆ. ಮೇಲೆ ಬಹಳ ಜನ ಒಂದೇ ಅಳತೆಗೋಲು ಹಿಡಿದಿದ್ದೀರಿ: ಸಾಧನ ಕಿತ್ತುಕೊಂಡು ನೋಡಿ, ಉಳಿದದ್ದೇ ನಿಜವಾದ ಬುದ್ಧಿ ಎಂದು. ಈ ಚರ್ಚೆಯ ಶೀರ್ಷಿಕೆಯೂ ಅದೇ. ನನ್ನಿಂದ ಸ್ಕ್ರೀನ್ ರೀಡರ್ ಕಿತ್ತುಕೊಂಡರೆ ಕಂಪ್ಯೂಟರಿನಲ್ಲಿ ನಾನು ಮಾಡಬಲ್ಲದ್ದು ಸೊನ್ನೆ. ಹಾಗೆಂದು ನನ್ನ ಕೆಲಸ ನನ್ನದಲ್ಲ ಎನ್ನುತ್ತೀರಾ? ನಿಮ್ಮ ಕನ್ನಡಕ ಕಿತ್ತುಕೊಂಡು ನಾನು ಅದೇ ಪ್ರಶ್ನೆ ಕೇಳಲೇ?

ಸ್ವಲ್ಪ ಹಿಂದಿನ ಮಾತು. ಅಚ್ಚಾದ ಪುಟವನ್ನು ಓದಿ ಹೇಳುವ ಕರ್ಜ್‌ವೈಲ್ ಯಂತ್ರ 1976ರಲ್ಲಿ ಬಂತು. ಒಂದು ಮೇಜು ತುಂಬುವಷ್ಟು ದೊಡ್ಡದು. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್, ಅವರೂ ಕಣ್ಣಿಲ್ಲದವರೇ, ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬರೆಯಲು ಶುರು ಮಾಡಿದರು. ಜೇಮ್ಸ್ ಟೆ ಜೊತೆಯಾದರು. ಅದು ಇವತ್ತಿಗೂ ಉಚಿತ. ನಾನು ಅದನ್ನು ಕೇಳುವ ವೇಗದಲ್ಲಿ ನಿಮಗೆ ಬರೀ ಗುಂಯ್ ಅನ್ನುವ ಸದ್ದು ಕೇಳೀತು. ಆ ವೇಗಕ್ಕೆ ಕಿವಿ ಪಳಗಲು ನನಗೆ ವರ್ಷಗಳು ಹಿಡಿದವು. ಕಲಿಯಬೇಕಾದ ಸಾಧನ ಅಂದಿರಲ್ಲ ಹಳೇ_ಕೀಲಿಮಣೆ ಸರ್, ಅಂಥದ್ದೇ ಇದು.

ಈಗ ನನ್ನ ಬಳಿ ಇನ್ನೊಂದು ಸಾಧನ ಇದೆ. ಫೋಟೋ ತೆಗೆದರೆ ಅದರಲ್ಲಿ ಏನಿದೆ ಎಂದು ಎಐ ವಿವರಿಸುತ್ತದೆ. ಬದುಕು ಎಷ್ಟು ಹಗುರವಾಯಿತು ಎಂದು ಹೇಳಲು ಪದ ಸಾಲದು. ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಸ್ಕ್ರೀನ್ ರೀಡರ್ ತಪ್ಪಿದರೆ ನನಗೆ ತಕ್ಷಣ ಗೊತ್ತಾಗುತ್ತದೆ. ಪದ ಮುರಿದು ಕೇಳಿಸುತ್ತದೆ, ಇಲ್ಲವೇ ಅದು ಬಾಯಿ ಮುಚ್ಚುತ್ತದೆ. ಫೋಟೋ ವಿವರಿಸುವುದು ತಪ್ಪಿದರೆ ಏನೂ ಗೊತ್ತಾಗುವುದಿಲ್ಲ. ಒಮ್ಮೆ ಮಾತ್ರೆಯ ಸ್ಟ್ರಿಪ್ ಹಿಡಿದು ಎಷ್ಟು ಮಿಲಿಗ್ರಾಂ ಎಂದು ಕೇಳಿದೆ. ಸ್ವಲ್ಪವೂ ತಡವರಿಸದೆ 500 ಎಂದಿತು. ಅನುಮಾನ ಬಂದು ಇನ್ನೊಂದು ಫೋಟೋ ತೆಗೆದೆ. ಅದೇ ದನಿಯಲ್ಲಿ, ಅಷ್ಟೇ ನಯವಾಗಿ, 250 ಎಂದಿತು. ಕೊನೆಗೆ ಅಕ್ಕನಿಗೆ ಫೋನ್ ಮಾಡಿ ಪರದೆಯಲ್ಲಿ ತೋರಿಸಿದೆ. 250.

ಅದಕ್ಕೇ ನಾನು ಸಾಧನವನ್ನು ಅಳೆಯುವ ರೀತಿ ಬೇರೆ. ಇದು ಕೆಟ್ಟಾಗ ನನಗೆ ಗೊತ್ತಾಗುತ್ತದೆಯೇ? ಗೊತ್ತಾಗುವುದಾದರೆ ಎಷ್ಟು ಬೇಕಾದರೂ ಅದರ ಮೇಲೆ ಒರಗಬಹುದು.

ಅರ್ಧಕೋಡು

ಬೆರಳೋದು ಅವರೇ, ಶೀರ್ಷಿಕೆ ಬದಲಿಸಬೇಕು ಅನಿಸುತ್ತಿದೆ. ಆದರೆ ನಿಮ್ಮ ಉತ್ತರ ಕೆಳಗೆ ಇರುವಾಗ ಅದು ಹಾಗೇ ಇರಲಿ.

ನನ್ನ ವಿಷಯಕ್ಕೆ ಇದನ್ನು ಹಚ್ಚಿ ನೋಡಿದೆ. ಬೂದು ಸಾಲು ಕಾಮಾ ಮರೆತರೆ ಪ್ರೋಗ್ರಾಮ್ ಓಡುವುದೇ ಇಲ್ಲ, ಕೂಡಲೇ ಗೊತ್ತಾಗುತ್ತದೆ. ಲೆಕ್ಕವನ್ನೇ ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೆ ಎಲ್ಲ ಸಲೀಸಾಗಿ ಓಡುತ್ತದೆ.

ಎಕ್ಸ್‌ರೇ_ಕಣ್ಣು

ವೈದ್ಯಕೀಯದಿಂದ ಎರಡು ಉದಾಹರಣೆ. ನಾನು ಓದಿದಾಗ ಒಂದರಿಂದ ತಲೆಬಿಸಿ ಆಯಿತು, ಇನ್ನೊಂದರಿಂದ ಸಮಾಧಾನ.

ಪೋಲೆಂಡಿನ ವೈದ್ಯರು ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ, ಮಾಡುವಾಗ ಗಂಟು ಗುರುತಿಸಲು ಎಐ ಬಳಸಲು ಶುರು ಮಾಡಿದರು. ಎಐ ಬರುವ ಮೊದಲು ನೂರಕ್ಕೆ 28.4 ಪರೀಕ್ಷೆಗಳಲ್ಲಿ ಗಂಟು ಪತ್ತೆಯಾಗುತ್ತಿತ್ತು. ಎಐ ಅಭ್ಯಾಸವಾದ ಮೇಲೆ, ಅದಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಇದು 22.4ಕ್ಕೆ ಇಳಿಯಿತು. 2025ರಲ್ಲಿ ಪ್ರಕಟವಾದ ಅಧ್ಯಯನ. ಅಲ್ಲಿದ್ದವರು ಅನುಭವಿ ವೈದ್ಯರು, ಒಬ್ಬೊಬ್ಬರೂ ಸಾವಿರಾರು ಪರೀಕ್ಷೆ ಮಾಡಿದವರು. ಇದು ಹಿಂದಿನ ದಾಖಲೆ ತೆಗೆದು ನೋಡಿದ ಅಧ್ಯಯನವಾದ್ದರಿಂದ ಬೇರೆ ಕಾರಣವೂ ಇರಬಹುದು. ಆದರೆ ಅರ್ಧಕೋಡು ಅವರ ಬೂದು ಸಾಲಿನ ಕಥೆ ಓದಿದಾಗ ಇದೇ ನೆನಪಾಯಿತು. ಗಂಟು ಇರುವ ಕಡೆ ಎಐ ತೋರಿಸುವ ಹಸಿರು ಚೌಕ ಪರದೆಯಲ್ಲಿ ಬರುತ್ತದೆ ಎಂದು ಕಣ್ಣು ಕಾಯುತ್ತದೆ.

ಇನ್ನೊಂದು, ಒಂದು ಹಾಳೆ ಕಾಗದದ ಕಥೆ. ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ಒಂದು ಪಟ್ಟಿ ಮಾಡಿತು. ರೋಗಿ ಇವರೇನಾ, ಜಾಗ ಗುರುತು ಹಾಕಿದೆಯಾ, ಎಲ್ಲರೂ ತಮ್ಮ ಹೆಸರು ಹೇಳಿಕೊಂಡರಾ, ಕೊನೆಯಲ್ಲಿ ಹತ್ತಿಬಟ್ಟೆಯ ಲೆಕ್ಕ ಸರಿ ಇದೆಯಾ, ಇಂಥವು. ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು, 2009ರಲ್ಲಿ ಬಂದ ಫಲಿತಾಂಶ ಇದು. ಆ ಕಾಗದ ಯಾರ ಪರವಾಗಿಯೂ ಯೋಚನೆ ಮಾಡುವುದಿಲ್ಲ. ಯೋಚನೆ ಮಾಡಬೇಕಾದ ಕ್ಷಣದಲ್ಲಿ ತಡೆದು ನಿಲ್ಲಿಸುತ್ತದೆ. ಉತ್ತರ ಕೊಡುವ ಸಾಧನಕ್ಕೆ ದುಡ್ಡು ಸುರಿಯುತ್ತೇವೆ, ಪ್ರಶ್ನೆ ಕೇಳುವ ಸಾಧನ ಹೀಗೆ ಒಂದು ಹಾಳೆಯಲ್ಲಿ ಮುಗಿಯುತ್ತದೆ.

ಲೆಕ್ಕಿಗ

ಕೆಲಸದ ವೇಗದ ಬಗ್ಗೆ ಅಂಕಿ ಬೇಕಿದ್ದವರಿಗೆ ಎರಡು ಅಧ್ಯಯನ ಹೇಳುತ್ತೇನೆ.

ಐದು ಸಾವಿರಕ್ಕೂ ಹೆಚ್ಚು ಗ್ರಾಹಕ ಸೇವೆ ಸಿಬ್ಬಂದಿಯಲ್ಲಿ ಕೆಲವರಿಗೆ, ಗ್ರಾಹಕರಿಗೆ ಏನು ಉತ್ತರ ಕೊಡಬಹುದು ಎಂದು ಸೂಚಿಸುವ ಎಐ ಕೊಟ್ಟರು. 2023ರ ವರದಿಯ ಪ್ರಕಾರ ಗಂಟೆಗೆ ಬಗೆಹರಿಸುವ ದೂರುಗಳು ಸರಾಸರಿ ಶೇ. 14ರಷ್ಟು ಹೆಚ್ಚಿದವು. ಹೊಸಬರಿಗೆ ಶೇ. 34. ಪಳಗಿದವರಿಗೆ ಹೆಚ್ಚುಕಮ್ಮಿ ಏನೂ ಇಲ್ಲ.

ಇನ್ನೊಂದು 2025ರದ್ದು. ತಮ್ಮದೇ ಓಪನ್ ಸೋರ್ಸ್ ಯೋಜನೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ 16 ಪ್ರೋಗ್ರಾಮರುಗಳು, 246 ಕೆಲಸಗಳು. ಎಐ ಬಳಸಿದಾಗ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು. ಹದಿನಾರು ಜನ ಅಂದರೆ ಸಣ್ಣ ಗುಂಪು, ಸಾಧನಗಳೂ ಆಮೇಲೆ ಬದಲಾಗಿವೆ. ಹಾಗಾಗಿ ಆ 19ಕ್ಕೆ ನಾನು ಜೋತುಬೀಳುವುದಿಲ್ಲ. ನನಗೆ ಸ್ವಾರಸ್ಯ ಅನಿಸಿದ್ದು ಬೇರೆ. ಕೆಲಸ ಮುಗಿದ ಮೇಲೆ ಅವರನ್ನೇ ಕೇಳಿದರೆ, ಎಐನಿಂದ ಸುಮಾರು ಶೇ. 20ರಷ್ಟು ಬೇಗ ಮುಗಿಯಿತು ಅಂದರು! ಗಡಿಯಾರ ಒಂದು ಹೇಳಿತು, ಮನಸ್ಸು ಇನ್ನೊಂದು. ಅರ್ಧಕೋಡು ಅವರೇ, ನಿಮ್ಮ ಕೆಲಸ "ಜಾಸ್ತಿ ಆಗುತ್ತಿದೆ" ಎಂದಿರಿ. ಅಳೆದು ನೋಡಿದ್ದೀರಾ?

ಅರ್ಧಕೋಡು

ಇಲ್ಲ.

ಅನುವಾದಕಿ

ನಾನು ಅಳೆದಿದ್ದೇನೆ. ಪದದ ಲೆಕ್ಕದಲ್ಲಿ ದುಡ್ಡು ಬರುವ ಕೆಲಸ ನನ್ನದು, ಅಳೆಯದೆ ಗತಿಯಿಲ್ಲ. ಯಂತ್ರದ ಅನುವಾದ ತಿದ್ದುವಾಗ ದಿನಕ್ಕೆ ಎರಡರಷ್ಟು ಪದ ಮುಗಿಯುತ್ತವೆ. ಹಾಗಾದರೆ ನನ್ನ ಆದಾಯ ಎರಡು ಪಟ್ಟು ಆಯಿತೇ? ಕೆಲಸ ಕೊಡುವವರು "ಬರೀ ತಿದ್ದುವುದು ತಾನೇ" ಎಂದು ದರ ಅರ್ಧಕ್ಕೂ ಕೆಳಗೆ ಇಳಿಸಿದರು. ಬುದ್ಧಿಗೆ ಬಲ, ಬುದ್ಧಿಗೆ ಬಲ ಎಂದು ಎಲ್ಲರೂ ಮಾತಾಡುತ್ತಿದ್ದೀರಿ. ಬಲದಿಂದ ಬಂದ ಲಾಭ ಯಾರ ಜೇಬಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲವಲ್ಲ.

ಇನ್ನೊಂದು ತೊಂದರೆ ಹಣದ್ದಲ್ಲ. ಯಂತ್ರದ ವಾಕ್ಯವನ್ನು ಒಮ್ಮೆ ಓದಿದರೆ ಅದು ಕಿವಿಯಲ್ಲಿ ಕೂತುಬಿಡುತ್ತದೆ. ಅದಕ್ಕಿಂತ ಒಳ್ಳೆಯ ವಾಕ್ಯ ಇದೆ ಎಂದು ಗೊತ್ತಿರುತ್ತದೆ, ನಾಲಿಗೆಗೆ ಬರುವುದಿಲ್ಲ. ಹಾಗಾಗಿ ನನಗೆ ಬೇಕಾದ ಕೆಲಸಗಳಲ್ಲಿ ಮೊದಲು ಕಣ್ಣು ಮುಚ್ಚಿಕೊಂಡು ನನ್ನದನ್ನು ಬರೆಯುತ್ತೇನೆ. ಆಮೇಲೆ ಯಂತ್ರದ್ದನ್ನು ಪಕ್ಕದಲ್ಲಿಟ್ಟು ಏನಾದರೂ ಬಿಟ್ಟೆನಾ ಎಂದು ನೋಡುತ್ತೇನೆ. ಅದರಲ್ಲಿ ನಿಜವಾಗಿ ಲಾಭ ಇದೆ. ಕಳೆದ ತಿಂಗಳು ಒಂದು "ಅಲ್ಲ" ಬಿಟ್ಟುಹೋಗಿತ್ತು, ಇಡೀ ಒಪ್ಪಂದದ ಅರ್ಥ ತಲೆಕೆಳಗಾಗುತ್ತಿತ್ತು. ಯಂತ್ರ ಅದನ್ನು ಹಿಡಿಯಿತು.

ಚೆಸ್_ಹುಚ್ಚ ಅವರು ಆಟ ಮುಗಿದ ಮೇಲೆ ಎಂಜಿನ್ ಹಾಕುತ್ತೇವೆ ಅಂದರಲ್ಲ, ನನ್ನದೂ ಅದೇ ಕ್ರಮ. ವೇಗ ಮಾತ್ರ ಹೆಚ್ಚುವುದಿಲ್ಲ, ಸ್ವಲ್ಪ ಕಮ್ಮಿಯೇ.

ಹಳೇ_ಕೀಲಿಮಣೆ

ಅನುವಾದಕಿ ಮೇಡಂ, ನಿಮ್ಮ ದರದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಎಂಗೆಲ್‌ಬಾರ್ಟ್ ವರದಿಯಲ್ಲೂ ಇಲ್ಲ.

ಆದರೆ "ಮೊದಲು ನಾನು, ಆಮೇಲೆ ಯಂತ್ರ" ಎನ್ನುವುದು ಎಲ್ಲ ಕೆಲಸಕ್ಕೂ ಬೇಡ. 1960ರಲ್ಲಿ ಲಿಕ್‌ಲೈಡರ್ ಎಂಬ ವಿಜ್ಞಾನಿ, ಮನುಷ್ಯ ಮತ್ತು ಕಂಪ್ಯೂಟರ್ ಕೂಡಿ ಬಾಳುವ ಬಗ್ಗೆ ಒಂದು ಲೇಖನ ಬರೆದರು. ಅದಕ್ಕೂ ಮೊದಲು ತನ್ನ ಕೆಲಸದ ಸಮಯ ಎಲ್ಲಿ ಹೋಗುತ್ತದೆ ಎಂದು ತಾನೇ ಬರೆದಿಟ್ಟುಕೊಂಡಿದ್ದರು. "ಯೋಚಿಸುತ್ತಿದ್ದೇನೆ" ಅಂದುಕೊಂಡ ಸಮಯದಲ್ಲಿ ಶೇ. 85ರಷ್ಟು ಯೋಚನೆಗೆ ತಯಾರಿ ಮಾಡುವುದರಲ್ಲೇ ಹೋಗುತ್ತಿತ್ತಂತೆ. ಅಂಕಿ ಹುಡುಕುವುದು, ಒಂದೇ ಅಳತೆಗೆ ತರುವುದು, ಗ್ರಾಫ್ ಎಳೆಯುವುದು. ಗ್ರಾಫ್ ಕೈಗೆ ಬಂದರೆ ಉತ್ತರ ಕಣ್ಣೆದುರೇ ಇರುತ್ತಿತ್ತು. ಆ 85ನ್ನು ಯಂತ್ರಕ್ಕೆ ಕೊಡಿ, ಧಾರಾಳವಾಗಿ ಕೊಡಿ. ಉಳಿದ 15ನ್ನೂ ಬೂದು ಬಣ್ಣದಲ್ಲಿ ಕೊಡಲು ಬಂದಾಗ ಕೈ ಅಡ್ಡ ಹಿಡಿಯಿರಿ.

ಗಣಿತದ_ಮೇಷ್ಟ್ರು

ಯಾವುದು 85, ಯಾವುದು 15 ಎಂದು ಹೊಸಬನಿಗೆ ಹೇಗೆ ಗೊತ್ತಾಗಬೇಕು ಸರ್? ಆ ಗ್ರಾಫುಗಳನ್ನು ಕೈಯಾರೆ ಎಳೆದೂ ಎಳೆದೂ ತಾನೇ ಅವರಿಗೆ ಗ್ರಾಫ್ ಕಂಡೊಡನೆ ಉತ್ತರ ಹೊಳೆಯುತ್ತಿದ್ದದ್ದು?

ಹಳೇ_ಕೀಲಿಮಣೆ

ಇದಕ್ಕೆ ನಾನು ತಲೆ ಕೆರೆದುಕೊಳ್ಳಬೇಕು.

ಅರ್ಧಕೋಡು

ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಬೂದು ಸಾಲು ತಾನಾಗಿ ಬರುವುದನ್ನು ನಿಲ್ಲಿಸಿದೆ. ಬೇಕಾದಾಗ ಕರೆಯುತ್ತೇನೆ. ಮೊದಲ ಮೂರು ದಿನ ಹಿಂಸೆ. ಸಮಯ ಬರೆದಿಡುತ್ತಿದ್ದೇನೆ ಲೆಕ್ಕಿಗ ಅವರೇ, ಹೇಳುವಂಥದ್ದು ಇನ್ನೂ ಏನೂ ಕಂಡಿಲ್ಲ. ಬರೆದು ಮುಗಿದ ಮೇಲೆ ಎಐಗೆ ಕೊಟ್ಟು, ಇದು ಎಲ್ಲೆಲ್ಲಿ ಮುರಿಯುತ್ತದೆ ಹೇಳು ಎಂದು ಕೇಳುತ್ತೇನೆ. ಅದರಲ್ಲಿ ಅದು ನನಗಿಂತ ಜಾಣ.

ಹೇಳಬೇಕಾದ್ದು ಬೇರೆ. ನೆಟ್ ಇಲ್ಲದ ದಿನ ಮುಕ್ಕಾಲು ಗಂಟೆ ಹಿಡಿಯಿತು ಅಂದೆನಲ್ಲ, ಅದರಲ್ಲಿ ಹತ್ತು ನಿಮಿಷ ಹೋಗಿದ್ದು ಒಂದೇ ಪ್ರಶ್ನೆಗೆ. ರಜೆ ಶುರುವಾಗುವ ದಿನವನ್ನು ಲೆಕ್ಕಕ್ಕೆ ಸೇರಿಸಬೇಕಾ, ಬೇಡವಾ? ಅವತ್ತು ಸೇರಿಸಬೇಕು ಎಂದು ಅಂದಾಜಿನಲ್ಲಿ ಬರೆದಿದ್ದೆ. ಮೊನ್ನೆ ನೋಡಿದರೆ ನಮ್ಮದೇ ಪ್ರೋಗ್ರಾಮಿನಲ್ಲಿ ಇನ್ನೊಂದು ಕಡೆ ಇದೇ ಲೆಕ್ಕ ಇದೆ. ಎಂಟು ತಿಂಗಳ ಹಿಂದೆ ನಾನೇ ಟ್ಯಾಬ್ ಒತ್ತಿ ಒಪ್ಪಿಕೊಂಡದ್ದು. ಅದರಲ್ಲಿ ಮೊದಲ ದಿನ ಸೇರಿಲ್ಲ. ಆಗ ಈ ಪ್ರಶ್ನೆ ನನ್ನ ತಲೆಗೆ ಬಂದೇ ಇರಲಿಲ್ಲ, ಅದಕ್ಕೆ ಮೊದಲೇ ಉತ್ತರ ಬಂದಿತ್ತು.

ಸಿಬ್ಬಂದಿ ವಿಭಾಗಕ್ಕೆ ಹೋಗಿ ಕೇಳಿದೆ. ಅಲ್ಲಿ ಇಬ್ಬರು ಕೂರುತ್ತಾರೆ. ಒಬ್ಬರು ಸೇರುತ್ತದೆ ಅಂದರು, ಇನ್ನೊಬ್ಬರು ಸೇರುವುದಿಲ್ಲ ಅಂದರು. ಆಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸುಮ್ನೆ_ಬಂದೆ

ಕೊನೆಗೆ ಸೇರುತ್ತಾ, ಇಲ್ವಾ?

ಅರ್ಧಕೋಡು

ಸೇರುತ್ತೆ. ಆದರೆ ಮಧ್ಯಾಹ್ನದ ಮೇಲೆ ರಜೆ ಹಾಕಿದರೆ ಅರ್ಧ ದಿನವಂತೆ. ಅದನ್ನು ಎಲ್ಲೂ ಬರೆದೇ ಇರಲಿಲ್ಲ. ಈಗ ನಾನು ಬರೆಯಬೇಕು.